ಮೈಕಕ್ಕನ ಐದು ನಿಮಿಷ

ರೋಪ್‌ವೇಯ ಕೆಳಗಿನ ನಿಲ್ದಾಣದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಮೈಕ್ ಮುಂದೆ ಕೂತವಳು ತಲೆ ನರೆತರೂ ಅಲ್ಲೇ ಇದ್ದಳು, ಎಲ್ಲರಿಗೂ ಮೈಕಕ್ಕ. ಟ್ರಾಲಿಗಳಲ್ಲಿ ಕೂತವರಿಗೆ ಆಕೆಯ ಮಾತು ಕೇಳುತ್ತಿತ್ತು, ಅವರ ಮಾತು ಆಕೆಗೆ ಕೇಳುತ್ತಿರಲಿಲ್ಲ. ಕರೆಂಟು ಕೈಕೊಟ್ಟು ಟ್ರಾಲಿಗಳು ನಿಂತಾಗಲೆಲ್ಲ "ಗಾಬರಿಯಾಗಬೇಡಿ, ಐದು ನಿಮಿಷ" ಎನ್ನುವುದು ಅಲ್ಲಿನ ರೂಢಿ. ಜನರೇಟರ್ ಹಾಕಿದರೆ ಹೊರಟುಬಿಡುತ್ತಿದ್ದವು. ಹಾಗಾಗಿ ಆ ಮಾತು ಯಾವತ್ತೂ ಸುಳ್ಳಾಗಿರಲಿಲ್ಲ.

ಆಕೆಯ ಅತ್ತೆಗೆ ಎತ್ತರವೆಂದರೆ ಜೀವಭಯ. "ನಾನು ಮೇಲೆ ಹೋಗೋದು ಒಂದೇ ಸಲ, ಅದಕ್ಕೆ ಟಿಕೆಟ್ ಬೇಡ" ಎಂದು ವರ್ಷಗಟ್ಟಲೆ ಸೊಸೆಯ ಬಾಯಿ ಮುಚ್ಚಿಸಿದ್ದಳು. ಆ ದಿನ ಅದೇನನ್ನಿಸಿತೋ, ಬಂದಳು. ಮೈಕಕ್ಕನೇ ಕೈಹಿಡಿದು ಕೂರಿಸಿ, ಮಡಿಲಲ್ಲಿ ನೀರಿನ ಬಾಟಲಿ ಇಟ್ಟಳು.

ಟ್ರಾಲಿಗಳು ಕಣಿವೆಯ ನಡುವೆ ನಿಂತವು. ಈ ಸಲ ಕರೆಂಟು ಹೋಗಿರಲಿಲ್ಲ. ಮೆಕ್ಯಾನಿಕ್ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿ ಬಂದು, ದೊಡ್ಡ ಗಾಲಿಯ ಬೇರಿಂಗ್ ಒಡೆದಿದೆ, ಇವತ್ತು ತಿರುಗುವ ಮಾತಿಲ್ಲ, ಜನರನ್ನು ಹಗ್ಗ ಹಾಕಿ ಇಳಿಸಬೇಕು ಎಂದ. ಮ್ಯಾನೇಜರ್‌ಗೆ ಜನರಿಗಿಂತ ಕಂಪನಿಯ ಹೆಸರು ದೊಡ್ಡದು. ಅಗ್ನಿಶಾಮಕ ದಳ ಬಂದರೆ ಪೇಪರಿನವರೂ ಬರುತ್ತಾರೆ, ಧಣಿಗಳನ್ನು ಕೇಳುವವರೆಗೆ ಯಾರೂ ತುಟಿ ಬಿಚ್ಚಬಾರದು ಎಂದ. ಧಣಿಗಳು ಫೋನ್ ಎತ್ತಲಿಲ್ಲ. ಮ್ಯಾನೇಜರ್ ಪುಣ್ಯಾತ್ಮ ಟಿಕೆಟ್ ಕೌಂಟರನ್ನೂ ಮುಚ್ಚಿಸಲಿಲ್ಲ.

"ನಮ್ಮತ್ತೆ ಇದಾರೆ ಸಾರ್ ಅದ್ರಲ್ಲಿ" ಎಂದಳು ಮೈಕಕ್ಕ.

"ಹಾಗಿದ್ರೆ ಇನ್ನೂ ಸಮಾಧಾನವಾಗಿ ಹೇಳಿ. ಐದು ನಿಮಿಷ ಅನ್ನಿ."

ಅಂದಳು. ನೌಕರಿಯ ಭಯವಿತ್ತು, ನಿಜ. ತನ್ನ ಬಾಯಿಂದ ಬಂದರೆ ಈ ಸಲವೂ ನಿಜವಾದೀತೆಂಬ ಹುಚ್ಚು ಆಸೆಯೂ ಇತ್ತು. ಬಿಸಿಲು ನೆತ್ತಿಗೇರಿ ಇಳಿಯತೊಡಗಿದರೂ ಅದನ್ನೇ ಅನ್ನುತ್ತಿದ್ದಳು. ಕೊನೆಗೆ ತಡೆಯಲಾಗಲಿಲ್ಲ. "ಮಷೀನ್ ಕೆಟ್ಟಿದೆ. ಯಾವಾಗ ಸರಿಹೋಗತ್ತೋ ನಂಗೊತ್ತಿಲ್ಲ. ನೀರಿದ್ರೆ ಉಳಿಸ್ಕೊಂಡು ಕುಡೀರಿ" ಎಂದುಬಿಟ್ಟಳು. ಮ್ಯಾನೇಜರ್ ಬಂದು ಮೈಕ್ ಕಿತ್ತುಕೊಳ್ಳುವಷ್ಟರಲ್ಲಿ ಮೆಕ್ಯಾನಿಕ್ ಅಗ್ನಿಶಾಮಕದವರಿಗೆ ಫೋನ್ ಮಾಡಿಯಾಗಿತ್ತು.

ಅತ್ತೆಯನ್ನು ಇಳಿಸಿದಾಗ ಸಂಜೆ. ಪ್ರಜ್ಞೆ ಇರಲಿಲ್ಲ. ಬಾಟಲಿ ಖಾಲಿಯಾಗಿತ್ತು. ಅದೇ ಟ್ರಾಲಿಯಲ್ಲಿದ್ದ ಹೆಂಗಸು ಮಗುವನ್ನು ಎದೆಗೊತ್ತಿಕೊಂಡು ಅಳುತ್ತಾ ಹೇಳಿದಳು: "ಮೊದಲ ಸಲ ಐದು ನಿಮಿಷ ಅಂದಾಗ್ಲೇ ಅಜ್ಜಿ ನೀರೆಲ್ಲ ನನ್ನ ಮಗೂಗೆ ಕುಡಿಸಿಬಿಟ್ರು. ಅದು ನಮ್ಮ ಸೊಸೆ ದನಿ, ಅವಳು ಸುಳ್ಳು ಹೇಳೋಳಲ್ಲ ಅಂದ್ರು."

ಅತ್ತೆ ಬದುಕಿಕೊಂಡಳು. ಜನರನ್ನು ಗಾಬರಿಪಡಿಸಿದ್ದಕ್ಕೆಂದು ಕಂಪನಿ ಮೈಕಕ್ಕನನ್ನು ಕೆಲಸದಿಂದ ತೆಗೆಯಿತು. ಮ್ಯಾನೇಜರ್ ಅದೇ ಕುರ್ಚಿಯಲ್ಲಿದ್ದಾನೆ. ಆಕೆಗೆ ಅದು ಅಷ್ಟಾಗಿ ನೋಯಲಿಲ್ಲ. ಅತ್ತೆ ಒಂದು ದಿನವೂ ಆಡಿ ತೋರಿಸಿದವಳಲ್ಲ. "ಹೊಟ್ಟೆಪಾಡು, ನೀನಾದ್ರೂ ಏನ್ಮಾಡ್ತೀಯ" ಎಂದು ತಲೆ ಸವರಿದಳು. ಆದರೆ ಈಗೀಗ ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಕೇಳಿದಾಗ ಸೊಸೆ "ಐದು ನಿಮಿಷ, ಅತ್ತೆ" ಎಂದರೆ, ಮುದುಕಿ ಗೋಡೆ ಹಿಡಿದು ಎದ್ದು, ಒಲೆಯ ತನಕ ಬಂದು, ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾಳೆ.