ಒತ್ತಕ್ಷರಕ್ಕೆ ಕಟ್ಟಿದ ಬುತ್ತಿ

ಕನ್ನಡದ ಒತ್ತಕ್ಷರದಷ್ಟು ನಿಗರ್ವಿಯನ್ನು ನಾನು ಕಂಡಿಲ್ಲ. ತಾನು ಕಾಲಡಿ ಕೂತು, ಛಂದಸ್ಸಿನ ನಿಯಮದಂತೆ ಹಿಂದಿನ ಅಕ್ಷರವನ್ನು ಗುರುವಾಗಿಸುತ್ತದೆ. ಹಗಲು ಶಾಲೆಯಲ್ಲಿ ಕನ್ನಡ ಕಲಿಸಿ, ಸಂಜೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಪುಸ್ತಕಗಳಿಗೆ ಅಕ್ಷರ ಜೋಡಿಸುತ್ತಿದ್ದ ನಾನಾದರೋ ಯಾರ ಒತ್ತೂ ಇಲ್ಲದ ಸ್ವಯಂಘೋಷಿತ ಗುರು. ಆ ಗುರುತ್ವ ಇಳಿದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಹರಿಹರದ ಒಂದು ಮುದ್ರಣಾಲಯದಲ್ಲಿ.

ನಮ್ಮೂರಿನ ಹತ್ತಿ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಲೇ ತಲೆ ನರೆತ ಬಸಪ್ಪ ಮಿಸ್ತ್ರಿಯವರು ಹೊಸ ಕೆಲಸಗಾರರಿಗಾಗಿ ಕೈಪಿಡಿಯೊಂದನ್ನು ಬರೆದು, ಅಕ್ಷರ ಜೋಡಿಸಲು ನನ್ನ ಬಳಿ ತಂದಿದ್ದರು. “ಹೊಸಬ್ರು ಬರ್ದಿದ್ದು ಓದಲ್ಲರೀ ಮೇಷ್ಟ್ರೇ, ಚಿತ್ರ ನೋಡ್ತಾರೆ. ಅದು ತಪ್ಪಿದ್ರೆ ಬೆರಳು ಹೋಗ್ತಾವೆ” ಎಂದು ತಮ್ಮ ಎಡಗೈ ತೋರಿಸಿದರು, ಅಲ್ಲಿ ಬೆರಳು ನಾಲ್ಕೇ ಇದ್ದವು.

ಹರಿಹರದಲ್ಲಿ ತೆಗೆದ ಮೊದಲ ಕರಡಿನಲ್ಲಿ ಬರಹವೆಲ್ಲ ಮುತ್ತು ಪೋಣಿಸಿದಂತೆ ಬಂದಿತ್ತು. ಚಿತ್ರಗಳೊಳಗೆ ಮಾತ್ರ ಒತ್ತುಗಳೆಲ್ಲ ಮಂಗಮಾಯ. ‘ಮಗ್ಗ’ ‘ಮಗ’ನಾಗಿದ್ದ. ‘ಇಲ್ಲಿ ಕೈ ಹಾಕಬೇಡಿ’ ಎಂಬ ಎಚ್ಚರಿಕೆ ‘ಇಲಿ ಕೈ ಹಾಕಬೇಡಿ’ ಎಂದಾಗಿ, ಮೂಷಿಕಕುಲಕ್ಕೆ ಮಾಡಿದ ವಿನಂತಿಯಾಗಿತ್ತು. ನನಗೆ ನಗು ಬಂತು. ಮಿಸ್ತ್ರಿಯವರು ನಗಲಿಲ್ಲ, ನನಗೆ ನಾಚಿಕೆಯಾಯಿತು.

ಕಾರಣ ಇಷ್ಟೇ: ಪುಟದ ಬರಹ ತನ್ನ ಫಾಂಟನ್ನು ಜೊತೆಗೇ ಒಯ್ದಿತ್ತು, ಪುಟದೊಳಗೆ ಕೂರಿಸಿದ ಚಿತ್ರದ ಫೈಲುಗಳು ಫಾಂಟಿನ ಹೆಸರನ್ನಷ್ಟೇ ಹೇಳಿಕೊಂಡು ಬರಿಗೈಯಲ್ಲಿ ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿದ್ದ ಅದೇ ಹೆಸರಿನ, ಒತ್ತು ಅರಿಯದ ಹಳೆಯ ಫಾಂಟಿನ ಕೈಗೆ ಸಿಕ್ಕಿದ್ದವು. ನಾನು ಇದನ್ನು ಪಾಂಡಿತ್ಯಪೂರ್ಣವಾಗಿ ವಿವರಿಸಿದ ಮೇಲೆ ಮಿಸ್ತ್ರಿಯವರು ಕೇಳಿದರು: “ಬ್ಯಾರೆ ಊರಿಗೆ ಹೋಗೋನಿಗೆ ಬುತ್ತಿ ಕಟ್ಟಿ ಕಳಿಸ್ತೀವಿ. ಯಾಕ, ಚಿತ್ರಕ್ಕೆ ಕಟ್ಟಕ್ಕೆ ಬರಲ್ಲೇನ್ರಿ?”

ಬರುತ್ತಿತ್ತು! ಚಿತ್ರವನ್ನು ಉಳಿಸುವಾಗಲೆಲ್ಲ ‘ಫಾಂಟೂ ಸೇರಲಿ’ ಎಂಬ ಪುಟ್ಟ ಚೌಕವೊಂದು ತೆರೆಯ ಮೇಲೆ ಮೂಡಿ ನನ್ನ ಅನುಗ್ರಹಕ್ಕೆ ಕಾಯುತ್ತಿತ್ತು. ವರ್ಷದಿಂದ ಅದನ್ನು ಕಂಡೂ ಕಾಣದಂತಿದ್ದ ಮಹಾನುಭಾವ ನಾನೇ. ಮರುದಿನ ಪ್ರತಿ ಚಿತ್ರಕ್ಕೂ ಆ ಚೌಕದಲ್ಲಿ ಗುರುತು ಹಾಕಿ, ಫ್ಲಾಪಿಗಳನ್ನು ಜೇಬಿಗಿಳಿಸಿ, ಮಿಸ್ತ್ರಿಯವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದಿಗ್ವಿಜಯಕ್ಕೆ ಹೊರಟವನಂತೆ ಹರಿಹರ ಸೇರಿದೆ.

ಹಾಳೆ ಹೊರಬಂತು. ಒಂದೊಂದು ಒತ್ತೂ ತನ್ನ ಜಾಗದಲ್ಲಿ ಕೂತಿತ್ತು! ನೀವೇ ಹೇಳಿ, ಕುಣಿಯದೆ ಇರಲಾದೀತೇ? ವಯಸ್ಸು ಮರೆತು ಒಂದು ಸುತ್ತು ಕುಣಿದೇಬಿಟ್ಟೆ. ಅಷ್ಟರಲ್ಲಿ, ಮಗ್ಗವನ್ನೇ ನೋಡದ ಅಲ್ಲಿನ ಮುದ್ರಕ ರುದ್ರೇಶಿ ಹಾಳೆ ಎತ್ತಿಕೊಂಡು, ಚಿತ್ರದಲ್ಲಿದ್ದ ಎಚ್ಚರಿಕೆಯನ್ನು ಗಟ್ಟಿಯಾಗಿ ಓದಿದ. ಓದುತ್ತಲೇ, ಓಡುತ್ತಿದ್ದ ಮುದ್ರಣಯಂತ್ರದ ಬೆಲ್ಟಿನ ಬದಿಗೆ ಊರಿದ್ದ ತನ್ನ ಕೈಯನ್ನು ಅರಿವಿಲ್ಲದೆ ಹಿಂದಕ್ಕೆ ಎಳೆದುಕೊಂಡ.

ಮಿಸ್ತ್ರಿಯವರ ಮುಖ ಅರಳಿತು. “ಒಂದು ಕೈ ಉಳೀತು ನೋಡ್ರಿ ಮೇಷ್ಟ್ರೇ” ಅಂದರು, “ಇನ್ನ ಛಾಪಿಸ್ರಿ.”