ನೀರು ಬೀಳದ ಕೂಸು

ಬೆಳಕು ಹರಿಯುವುದರೊಳಗೆ ಸಲೋಮಿ ಮುಗಿಸಬೇಕಾದ ಕೆಲಸಗಳು ಇವು. ನಳದ ಗೊರಗೊರ ಸದ್ದಿಗೆ ಏಳಬೇಕು. ನಳ ನಿಲ್ಲುವ ಮೊದಲು ಹಿತ್ತಲ ಡ್ರಮ್ಮು, ಅಡುಗೆಮನೆಯ ಹಂಡೆ, ಬಚ್ಚಲ ಬಕೆಟ್ಟು ತುಂಬಬೇಕು. ಕಿಟಕಿಗೆ ಕೂರಿಸಿದ ಕೂಲರಿನ ಹೊಟ್ಟೆಗೆ ಕೊಡದ ಮೇಲೆ ಕೊಡ ಸುರಿಯಬೇಕು. ನಾಗಪುರದ ಬೇಸಿಗೆಯಲ್ಲಿ ಕೂಲರು ಒಣಗಿದರೆ ಗಂಡನ ಓದು ಬರಹವೂ ಒಣಗುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ, ಒದ್ದೆ ಬಟ್ಟೆ ತೆಗೆದು, ಬೆನ್ನು ಒರೆಸಿ, ಪೌಡರು ಹಾಕಿ, ತಲೆ ಬಾಚಿ ಕೂರಿಸಬೇಕು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಬೇಕು. ಪಕ್ಕದ ಚರ್ಚಿನ ಬಾಗಿಲು ತೆರೆದು, ಪಾರಿವಾಳದ ಹಿಕ್ಕೆ ಗುಡಿಸಿ, ಬೆಂಚು ಒರೆಸಬೇಕು. ಜವಾನನನ್ನು ಚರ್ಚಿನ ಕಮಿಟಿಯವರು ಕೆಲಸದಿಂದ ಬಿಡಿಸಿದ ಮೇಲೆ ಆ ಕೆಲಸ ‘ಸೇವೆ’ ಎಂಬ ಹೆಸರು ಹೊತ್ತು ಅವಳ ಪಾಲಿಗೆ ಬಂದಿದೆ. ಕೊನೆಗೆ ಚಹಾ ಕುದಿಸಿ ಗಂಡನ ಭುಜ ಅಲುಗಿಸಬೇಕು. ರೆವರೆಂಡ್ ಡಾಕ್ಟರ್ ಜಯಂತ ಮಲಸಮುದ್ರ ಎದ್ದು ಕೂತು, ಕಣ್ಣು ಮುಚ್ಚಿ, ತನ್ನನ್ನು ಈ ಹೊಸ ಬೆಳಗಿಗೆ ಎಬ್ಬಿಸಿದ ದೇವರಿಗೆ ಸ್ತೋತ್ರ ಹೇಳುತ್ತಾನೆ. ಎಬ್ಬಿಸಿದವಳು ಚಹಾದ ಕಪ್ಪು-ಬಸಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಾಳೆ.

ಗಂಡ ಹೆಂಡತಿ ಇಬ್ಬರೂ ಗದಗಿನ ಕಡೆಯವರು. ಜಯಂತ ನಾಗಪುರದಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಅದರ ಜೊತೆಗೆ ಇಲ್ಲಿನ ಕನ್ನಡ ಕ್ರೈಸ್ತರ ಸಣ್ಣ ಸಭೆಗೆ ಪಾಸ್ಟರೂ ಹೌದು. ರೈಲ್ವೆಯವರು, ಆರ್ಡ್‌ನನ್ಸ್ ಫ್ಯಾಕ್ಟರಿಯವರು, ಕಾಮಠಿಯ ಮಿಲಿಟರಿ ಮನೆಯವರು ಭಾನುವಾರ ಮರಾಠಿ ಆರಾಧನೆ ಮುಗಿಯುವುದನ್ನು ಕಾದು ಒಳಗೆ ಬಂದು ಕೂರುತ್ತಾರೆ. ಸಭೆಯ ಬಂಗಲೆಯಲ್ಲಿ ಇವರ ವಾಸ. ಬಂಗಲೆ ಎಂದರೆ ಹೆಸರಿಗೆ. ಹೆಂಚು ಸೋರುವ ಮೂರು ಕೋಣೆ.

ಜಯಂತನ ಹೆಸರು ದೂರದೂರಕ್ಕೆ ಗೊತ್ತು. ಹುಟ್ಟುವಾಗಲೇ ಕೂಸಿನ ಮೈಗೆ ಆದಾಮನ ಪಾಪ ಅಂಟಿಕೊಂಡಿರುತ್ತದೆ, ದೀಕ್ಷಾಸ್ನಾನದ ನೀರು ಬಿದ್ದ ಹೊರತು ಅದು ಹೋಗದು ಎನ್ನುವುದು ಸಭೆಯ ಹಳೆಯ ಬೋಧನೆ. ಅದು ದೇವರ ಮಾತಲ್ಲ, ಜನರನ್ನು ಹೆದರಿಸಿ ಹಿಡಿದಿಡಲು ಗಂಡಸರು ಕೂಡಿ ಕಟ್ಟಿದ ಮಾತು ಎಂದು ಅವನು ಪುಸ್ತಕ ಬರೆದಿದ್ದಾನೆ. ‘ಮಗುವನ್ನು ಅಪರಾಧಿಯಾಗಿ ಹುಟ್ಟಿಸುವ ದೇವರು ದೇವರಲ್ಲ, ಪೋಲೀಸ್ ಇನ್ಸ್‌ಪೆಕ್ಟರು’ ಎಂಬ ಅವನ ಸಾಲಿಗೆ ಬೆಂಗಳೂರಿನಲ್ಲಿ, ಪುಣೆಯಲ್ಲಿ ಚಪ್ಪಾಳೆ ಬಿದ್ದಿದೆ.

ಆ ಪುಸ್ತಕ ಎಲ್ಲಿ ಹುಟ್ಟಿತು ಎನ್ನುವುದು ಸಲೋಮಿಗೆ ಗೊತ್ತು. ಮದುವೆಯಾದ ಹೊಸದರಲ್ಲಿ, ಹುಬ್ಬಳ್ಳಿಯಲ್ಲಿ, ಅವಳಿಗೊಂದು ಹೆಣ್ಣು ಕೂಸು ಹುಟ್ಟಿತ್ತು. ಬೆಳಿಗ್ಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ ಹೋಯಿತು. ಅಲ್ಲಿನ ಪಾದ್ರಿ ಊರಲ್ಲಿರಲಿಲ್ಲ, ಜಯಂತ ಆಗಿನ್ನೂ ಪಾದ್ರಿಯಾಗಿರಲಿಲ್ಲ, ನೀರು ಬಿದ್ದಿರಲಿಲ್ಲ. ನೀರು ಬೀಳದ ಕೂಸಿಗೆ ಚರ್ಚಿನ ಗಂಟೆ ಹೊಡೆಯುವುದಿಲ್ಲ. ಮನೆತನದವರ ಸಾಲಿನಲ್ಲಿ ಜಾಗ ಕೊಡುವುದಿಲ್ಲ. ಸ್ಮಶಾನದ ಗೋಡೆಯ ಬುಡದಲ್ಲಿ ಪ್ರಾರ್ಥನೆಯಿಲ್ಲದೆ ಹೂಳುತ್ತಾರೆ. ಹಾಗೆಯೇ ಹೂತರು. ಸಲೋಮಿ ಹಾಲು ಇಂಗಲೆಂದು ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿದ್ದಳು. ಆಮೇಲೆ ತಿಂಗಳುಗಟ್ಟಲೆ ರೊಟ್ಟಿ ಬಡಿಯುತ್ತ, ಪಾತ್ರೆ ತಿಕ್ಕುತ್ತ ಗಂಡನನ್ನು ಕೇಳಿದ್ದಳು. ‘ನೀರು ಬಿದ್ದಿಲ್ಲಂತ ದೇವರು ಕೂಸಿನ ಮ್ಯಾಲೆ ಸಿಟ್ಟಾಗ್ತಾನೇನ್ರಿ? ನನ್ನ ಮಗಳು ಈಗ ಎಲ್ಲಿ ಅದಾಳ?’ ಮೊದಮೊದಲು ಜಯಂತ ಕಲಿತ ಉತ್ತರ ಹೇಳಿದ. ಅವಳು ಒಪ್ಪಲಿಲ್ಲ. ಅವಳು ಒಪ್ಪದೆ ಇದ್ದದ್ದರಿಂದ ಅವನು ಓದಲು ಕೂತ. ಪುಸ್ತಕದ ಮೊದಲ ಪುಟದಲ್ಲಿ ಗುರುಗಳಿಗೆ, ಗ್ರಂಥಾಲಯಕ್ಕೆ, ಜರ್ಮನಿಯ ಸಂಸ್ಥೆಗೆ ವಂದನೆ ಇದೆ. ಸಲೋಮಿಗೂ ಇದೆ, ‘ತಾಳ್ಮೆಯಿಂದ ಮನೆ ನಡೆಸಿದ್ದಕ್ಕೆ’. ಭಾಷಣಗಳಲ್ಲಿ ಆ ಪ್ರಶ್ನೆ ಬರುತ್ತದೆ, ಆದರೆ ‘ಒಮ್ಮೆ ಒಬ್ಬ ಸಾಮಾನ್ಯ ಹೆಂಗಸು ನನ್ನನ್ನು ಕೇಳಿದಳು’ ಎಂದು ಬರುತ್ತದೆ.

ಅವನು ಪುಕ್ಕಲ ಎಂದು ಮಾತ್ರ ಯಾರೂ ಹೇಳುವಂತಿರಲಿಲ್ಲ. ಹೋದ ತಿಂಗಳು ಅಜನಿಯ ರೈಲ್ವೆ ಕ್ವಾರ್ಟರ್ಸಿನ ಕೃತಿ ಎಂಬ ಹುಡುಗಿಯ ಕೂಸು ಆಸ್ಪತ್ರೆಯಲ್ಲೇ ತೀರಿಕೊಂಡಿತು. ನೀರು ಬಿದ್ದಿರಲಿಲ್ಲ. ಜಯಂತ ಗಂಟೆ ಹೊಡೆಸಿದ. ಕಾಮಠಿ ರಸ್ತೆಯ ಸ್ಮಶಾನದಲ್ಲಿ, ಎಲ್ಲರ ಸಾಲಿನಲ್ಲಿ, ಬೈಬಲ್ ಓದಿ ಹೂಳಿಸಿದ. ಕೃತಿಯ ಕೈ ಹಿಡಿದು, ನಿನ್ನ ಕೂಸು ಯಾವ ಪಾಪವನ್ನೂ ಹೊತ್ತು ಬಂದಿರಲಿಲ್ಲ, ದೇವರ ಮಡಿಲಲ್ಲಿದೆ ಎಂದ. ಹಿಂದೆ ನಿಂತಿದ್ದ ಸಲೋಮಿಗೆ ಆ ಹೊತ್ತು ಗಂಡನ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಇಷ್ಟು ವರ್ಷ ಹೊತ್ತ ಕೊಡಗಳ ಭಾರವೆಲ್ಲ ಇಳಿದಂತಾಯಿತು.

ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಸಭೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಈ ವಾರ ಬುಧವಾರ ಸಂಜೆ ಕಮಿಟಿಯವರು ಬಂಗಲೆಗೆ ಬಂದರು. ಮುಂದಾಳು ಸಭೆಯ ಹಿರಿಯರಾದ ಕಾಶೀನಾಥರು, ಫ್ಯಾಕ್ಟರಿಯಿಂದ ರಿಟೈರಾದವರು. ಸಲೋಮಿ ಒಳಗೆ ಚಹಾ ಕುದಿಸುತ್ತಿದ್ದಳು. ಗೋಡೆ ತೆಳ್ಳಗಿತ್ತು.

‘ಸರ್, ನೀವು ಪುಸ್ತಕದಾಗ ಏನ್ ಬೇಕಾದ್ದು ಬರ್ಕೊಳ್ರಿ. ನಾವ್ಯಾರೂ ಓದಂಗಿಲ್ಲ,’ ಎಂದರು ಕಾಶೀನಾಥರು. ‘ಆದ್ರ ಗಂಟಿ ಹೊಡಿಸಿದ್ರಲ್ಲ, ಅದು ಎಲ್ಲಾರಿಗೂ ಕೇಳ್ತು.’

‘ಸಣ್ಣ ಕೂಸ್ರಿ ಅದು, ಕಾಶೀನಾಥರೇ.’

‘ಇವತ್ತು ಕೂಸಿಗೆ ನೀರು ಬ್ಯಾಡ ಅಂತೀರಿ. ನಾಳೆ ಚರ್ಚು ಬ್ಯಾಡ ಅಂತೀರಿ. ನಾಡದು ಕಮಿಟಿನೂ ಬ್ಯಾಡ ಅಂತೀರಿ.’

‘ಅದೊಂದು ಒಳ್ಳೇ ವಿಚಾರ,’ ಎಂದು ಒಳಕೋಣೆಯ ಮಂಚದಿಂದ ಅತ್ತೆಯ ದನಿ ಬಂತು. ಯಾರೂ ನಗಲಿಲ್ಲ.

ತೀರ್ಮಾನ ಆಗಲೇ ಆಗಿತ್ತು. ಬರುವ ಭಾನುವಾರ ಜಯಂತ ಪೀಠದಲ್ಲಿ ನಿಂತು ಓದಬೇಕು: ಮನುಷ್ಯ ಪಾಪದಲ್ಲೇ ಹುಟ್ಟುತ್ತಾನೆ, ಆ ದಿನ ಹೇಳಿದ ಮಾತು ತಪ್ಪು, ಗಂಟೆ ಹೊಡೆಸಿದ್ದೂ ತಪ್ಪು. ಓದದಿದ್ದರೆ ಪಾಸ್ಟರ್ ಕೆಲಸವೂ ಇಲ್ಲ, ಬಂಗಲೆಯೂ ಇಲ್ಲ. ಕಾಲೇಜಿನ ಸಂಬಳವೊಂದರಲ್ಲಿ ಬಾಡಿಗೆ ಮನೆ ಹಿಡಿಯುವುದು ಕಷ್ಟವಿತ್ತು. ಸಲೋಮಿ ಟ್ರೇ ತಂದಾಗ ಕಾಶೀನಾಥರು ಬಸಿಗೆ ಚಹಾ ಸುರಿದುಕೊಂಡು ಸುರ್ರೆಂದು ಹೀರಿದರು.

‘ಚಹಾ ಫಸ್ಟ್‌ಕ್ಲಾಸ್ ಆಗೇತಿ, ಪಾಸ್ಟರಮ್ಮ. ನೀವ ಒಂದ್ ಮಾತು ತಿಳಿಸಿ ಹೇಳ್ರಿ ಅವರಿಗೆ. ಮನಿ ಹೆಂಗಸಿನ ಮಾತು ಬರೋಬರ್ ಮುಟ್ತೈತಿ.’

‘ಏನಂತ ಹೇಳ್ಲಿ?’

‘ಹಠ ಬ್ಯಾಡಂತ. ಮುಪ್ಪಿನ ತಾಯಿ ಅದಾರ, ನೀವ್ ಅದೀರಿ. ಎಲ್ಲಿ ಹೋಗ್ತೀರಿ?’

ಅವಳು ಖಾಲಿ ಕಪ್ಪುಗಳನ್ನು ಒಂದರ ಮೇಲೊಂದು ಪೇರಿಸಿದಳು. ಗಂಡ ಇವರಿಗೆ ತಕ್ಕ ಉತ್ತರ ಕೊಡುತ್ತಾನೆ ಎಂಬ ಧೈರ್ಯ ಅವಳಿಗಿತ್ತು.

ಮರುದಿನ ಮಧ್ಯಾಹ್ನ ಕೂಲರಿಗೆ ಎರಡನೇ ಸಲ ನೀರು ಹಾಕುತ್ತಿದ್ದಳು. ಕಿಟಕಿಯ ಒಳಗಿನಿಂದ ಜಯಂತ ತಲೆ ಎತ್ತದೆ ಹೇಳಿದ.

‘ಓದ್ತೀನಿ ಅಂತ ಹೇಳಿಬಿಟ್ಟೆ.’

‘ಏನು?’

‘ಭಾನುವಾರ. ಅವರು ಹೇಳಿದ್ದು.’

ಕೊಡ ಕೆಳಗಿಟ್ಟು ಸಲೋಮಿ ಸುತ್ತಿ ಬಂದು ಬಾಗಿಲಲ್ಲಿ ನಿಂತಳು. ‘ಯಾಕ?’

‘ಯಾಕ ಅಂದ್ರ? ನಿನ್ನ ಸಲುವಾಗಿ. ಅವ್ವನ ಸಲುವಾಗಿ. ನಾ ಒಬ್ಬಾವ ಇದ್ರ ಚಾಪೆ ಸುತ್ಕೊಂಡು ಎದ್ದು ಹೋಗ್ತಿದ್ದೆ.’ ಅವನ ದನಿಯಲ್ಲಿ ತ್ಯಾಗದ ಒಂದು ನಡುಕವಿತ್ತು. ‘ಆ ಹಾಸಿಗೆ ಹಿಡದ ಮುದುಕಿನ್ನ ಕಟ್ಕೊಂಡು ನೀ ಎಲ್ಲಿ ತಿರುಗ್ತಿ?’

‘ನನ್ನ ಕೇಳಿದ್ರೇನು?’

‘ಕೇಳೂದೇನೈತಿ ಅದರಾಗ? ನಾ ಬರದ ಮಾತು ಹಂಗ ಸಪಾಟ ಇಲ್ಲ. ಎಚ್ಚರಿಕಿಯಿಂದ ಹೆಣದೀನಿ. “ಸಭೆಯ ಪರಂಪರೆ ಬೋಧಿಸುವ ಪ್ರಕಾರ” ಅಂತ ಹಾಕೀನಿ. ತಿಳದವರಿಗೆ ತಿಳೀತೈತಿ.’

‘ಕೃತಿಗೆ ತಿಳೀತೈತೇನು ಆ ಹೆಣಿಕಿ?’

‘ಸಲೋಮಿ, ಸಿಟ್ಟಿಗೇಳಬ್ಯಾಡ. ಪುಸ್ತಕ ಹಂಗ ಇರ್ತೈತಿ. ಪುಸ್ತಕದಾಗಿಂದ ನಾ ಒಂದು ಅಕ್ಷರ ತಗೀಲಿಲ್ಲ.’

‘ಪುಸ್ತಕ ಸತ್ತಿಲ್ಲ. ಸತ್ತದ್ದು ಕೂಸು.’

ಮಂಚದ ಮೇಲಿಂದ ಅತ್ತೆ ಗೊಣಗಿದಳು. ‘ನನ್ನ ಹೆಸರು ಯಾಕ ತರ್ತಿಯೋ ಜಯಂತ? ನನ್ನ ಸಲುವಾಗಿ ಅಂತಿ, ಇವತ್ತಿನತನಾ ನನ್ನ ಒಂದು ಮಗ್ಗಲಾ ಹೊರಳಿಸಿದವನಲ್ಲ.’

ಜಯಂತ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. ಮಾತು ಮುಗಿಯಿತು ಎನ್ನುವುದಕ್ಕೆ ಅದು ಗುರುತು. ಸಲೋಮಿ ಹೊರಗೆ ಬಂದಳು. ಕಾಶೀನಾಥರ ಮೇಲೂ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಆ ಮನುಷ್ಯ ತಾನು ನಂಬಿದ್ದನ್ನು ಹೇಳಿದ್ದ. ಇವನು ನಂಬದ್ದನ್ನು ಓದುತ್ತಾನೆ, ಓದಿ ಅದರ ಹೊರೆಯನ್ನು ಅವಳ ತಲೆಯ ಮೇಲೆ ಇಡುತ್ತಾನೆ. ದೇವರಿಗೆ ಯಾರ ಬಲಿಯೂ ಬೇಕಿಲ್ಲ ಎಂದು ಊರೂರಲ್ಲಿ ಸಾರಿದವನು ಹೆಂಡತಿಯ ಹೆಸರಿನಲ್ಲಿ ಇನ್ನೊಬ್ಬಳ ಕೂಸನ್ನು ಬಲಿ ಕೊಡಲು ಹೊರಟಿದ್ದಾನೆ. ನಾಳೆ ಯಾರಾದರೂ ಕೇಳಿದರೆ ‘ಏನ್ ಮಾಡೋದ್ರಿ, ಸಂಸಾರ’ ಎನ್ನುತ್ತಾನೆ. ಸಂಸಾರ ಎಂದರೆ ಅವಳು.

ಶುಕ್ರವಾರ ಕೃತಿಯನ್ನು ನೋಡಲು ಅಜನಿಗೆ ಹೋದಳು. ಕೃತಿ ಬಾಗಿಲು ತೆಗೆದವಳೇ ಅವಳ ಸೆರಗು ಹಿಡಿದುಕೊಂಡಳು. ಇಪ್ಪತ್ತು ದಾಟಿರದ ಹುಡುಗಿ, ನಾಗಪುರದಲ್ಲೇ ಹುಟ್ಟಿ ಬೆಳೆದವಳು.

‘ಅಕ್ಕಾ, ಸಚ್ ಹೇಳ್ರಿ. ಸರ್ ಓದಿದ ಮ್ಯಾಲೆ ನನ್ನ ಕೂಸನ್ನ ಅಗದು ತಗದು ಗ್ವಾಡಿ ಕಡೆ ಹಾಕ್ತಾರಂತ. ಕೆಳಗಿನ ಮನಿ ಆಂಟಿ ಅಂದ್ರು.’

‘ಇಲ್ಲವಾ. ಯಾರೂ ಮುಟ್ಟಂಗಿಲ್ಲ.’

‘ಮುಟ್ಟದಿದ್ರೂ...’ ಹುಡುಗಿ ಕೂತಳು, ಎದ್ದಳು, ಮತ್ತೆ ಕೂತಳು. ‘ಆವತ್ತು ದೇವರ ಮಡಿಲಾಗ ಐತಿ ಅಂದ್ರು. ಅದರ ಮ್ಯಾಲೆನ ನಾ ಊಟಾ ಮಾಡಾಕತ್ತೀನಿ ಅಕ್ಕಾ, ಮಕ್ಕೊಳ್ಳಾಕತ್ತೀನಿ. ಅದು ಗಲತ್ ಹೇಳಿದ್ದು ಅಂದ್ರ, ಈಗ ಅದು ಎಲ್ಲಿ ಐತಿ?’

ಹಿಂದೆ ಸಲೋಮಿಯದೇ ಬಾಯಿಂದ ಹೊರಟ ಮಾತು ಈಗ ಇನ್ನೊಂದು ಬಾಯಿಯಲ್ಲಿ, ಅಷ್ಟೇ ಹಸಿಯಾಗಿ. ನಡುವೆ ಅಷ್ಟು ದಪ್ಪ ಪುಸ್ತಕ ಬಂದು ಹೋಗಿತ್ತು. ಅವಳು ಒಲೆ ಹಚ್ಚಿ ಅನ್ನಕ್ಕಿಟ್ಟಳು, ಉಣ್ಣಿಸಿದಳು, ಪಾತ್ರೆ ತೊಳೆಯಲು ಹೋಗಿ ಅರ್ಧಕ್ಕೇ ನಿಂತಳು. ಕೆಲಸ ಮಾಡಿ ಮಾಡಿ ಮಾತನ್ನು ನುಂಗುವ ಈ ಚಾಳಿ ತನಗೆ ಯಾವಾಗ ಅಂಟಿತು ಎಂದು ತನ್ನ ಮೇಲೂ ಸಿಟ್ಟು ಬಂತು.

ಹಿಂದಿನ ಗಲ್ಲಿಯಲ್ಲಿ, ಕೆಲಸಕ್ಕೆ ಹೋಗುವ ರೈಲ್ವೆ ಹೆಂಗಸರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಾಳಣಾಘರವಿದೆ. ಅದರ ಯಜಮಾನತಿ ಮೃದುಲಾತಾಯಿ, ಒಬ್ಬ ಹೆಂಗಸು ಬೇಕು, ಇರಲು ನೆಲಮಟ್ಟದಲ್ಲೇ ಒಂದು ಸಣ್ಣ ಕೋಣೆ, ಖೋಲಿ, ಇದೆ ಎಂದು ಕೃತಿಗೆ ಹೇಳಿದ್ದಳಂತೆ. ಸಲೋಮಿ ಹೋಗಿ ಕೇಳಿದಳು. ಮೃದುಲಾತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಮಕ್ಕಳ ಹೇಲು ಉಚ್ಚೆ ಬಳಿಯಬೇಕಾಗುತ್ತದೆ, ಪಾದ್ರಿಯ ಹೆಂಡತಿಗೆ ನಡೆಯುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದಳು. ಸಲೋಮಿಗೆ ಆ ವಾರದಲ್ಲಿ ಮೊದಲ ಸಲ ನಗು ಬಂತು. ‘ಇಷ್ಟು ವರ್ಷ ಅದನ್ನೇ ಪುಕ್ಕಟೆ ಮಾಡಿದ್ದೇನೆ, ತಾಯೀ,’ ಎಂದು ಹಿಂದಿಯಲ್ಲೇ ಹೇಳಿದಳು. ಖೋಲಿ ನೋಡಿದಳು. ಒಂದು ಮಂಚ ಹಿಡಿಯುತ್ತದೆ, ಒತ್ತಿದರೆ ಎರಡು. ನಳ ಒಳಗೇ ಇದೆ. ನಾಳೆ ತಿಳಿಸುತ್ತೇನೆ ಎಂದು ಬಂದಳು.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದರೆ ಚರ್ಚೆಯಾಗುತ್ತದೆ, ಚರ್ಚೆಯಲ್ಲಿ ಅವನು ಗೆಲ್ಲುತ್ತಾನೆ. ಅತ್ತೆಗೆ ಹೇಳಿದರೆ ಮುದುಕಿ ಅಳಬಹುದು, ಅತ್ತರೆ ತನ್ನ ಕಾಲು ತೊಡರಬಹುದು. ಕೃತಿಗೆ ಹೇಳಿದರೆ ಆ ಹುಡುಗಿಯ ಮೇಲೂ ‘ನಿನ್ನ ಸಲುವಾಗಿ’ ಎಂಬ ಹೊರೆ ಬೀಳುತ್ತದೆ.

ಶನಿವಾರ ಬೆಳಿಗ್ಗೆ ಆಟೋ ಹಿಡಿದು ಲಕ್ಷ್ಮೀ ನಗರದ ಕಾಶೀನಾಥರ ಮನೆಗೆ ಹೋದಳು. ಅವರು ಬನಿಯನ್ನಿನಲ್ಲಿ ಕೂತು ತರ್ರಿ ಪೋಹೆ, ಖಾರದ ರಸ ಸುರಿದ ಅವಲಕ್ಕಿ, ತಿನ್ನುತ್ತಿದ್ದರು. ಗಡಬಡಿಸಿ ಎದ್ದು ಅಂಗಿ ಹಾಕಿಕೊಂಡರು.

‘ಬರ್ರಿ ಪಾಸ್ಟರಮ್ಮ. ಸರ್ ಕಳಿಸಿದ್ರೇನು?’

‘ಇಲ್ರಿ. ನಾನ ಬಂದೀನಿ. ನಾ ಬಂಗಲೆ ಬಿಡ್ತೀನಿ.’

‘ಅಯ್ಯ, ಯಾಕ್ರಿ? ಸರ್ ಓದ್ತೀನಿ ಅಂದಾರಲ್ಲ! ಅವರು ಓದಿದ್ರ ಮನಿ ಎಲ್ಲೂ ಹೋಗಂಗಿಲ್ಲ.’

‘ಮನಿ ಇರ್ಲಿ. ಅವರೂ ಇರ್ಲಿ. ನಾ ಇರಂಗಿಲ್ಲ. ಅಜನಿಯಾಗ ನನಗ ಕೆಲಸ ಐತಿ, ಖೋಲಿ ಐತಿ. ಅತ್ತೀನ ಹೋಗಿ ಕೇಳ್ತೀನಿ. ಬರ್ತೀನಿ ಅಂದ್ರ ಕರ್ಕೊಂಡು ಹೋಗ್ತೀನಿ. ಮಗನ ಕೂಡ ಇರ್ತೀನಿ ಅಂದ್ರ ಮಗ ನೋಡ್ಕೋತಾನ.’

ಕಾಶೀನಾಥರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ಸವಟು.

‘ಗಂಡನ್ನ ಕೇಳೀರೇನು?’ ಎಂದರು ಕಾಶೀನಾಥರು.

‘ಅವರು ನನ್ನ ಕೇಳಿದ್ರೇನ್ರಿ?’

‘ಇದು ಬರೋಬರ್ ಅಲ್ಲ ನೋಡ್ರಿ. ಸಭೆ ಏನಂದೀತು? ಪಾಸ್ಟರ ಹೆಂಡತಿ ಮನಿ ಬಿಟ್ಟಳಂತ...’

‘ಅನ್ನಲಿ. ನಿಮ್ಮ ಮಾತು ನಿಮಗ ಖರೆ ಅನಸ್ತೈತಿ, ನೀವ್ ಹೇಳ್ರಿ. ನನಗ ಅನಸಂಗಿಲ್ಲ. ಆ ಕೂಸಿಗೆ ಯಾವ ಪಾಪಾನೂ ಇರಲಿಲ್ಲ. ನಂದಕ್ಕೂ ಇರಲಿಲ್ಲ.’ ದನಿ ಏರಿತ್ತು, ಅವಳು ಇಳಿಸಲಿಲ್ಲ. ‘ನಾಳೆ ಅವರು ಅದನ್ನ ಓದಿದ್ರ ನನ್ನ ಸಲುವಾಗಿ ಓದಿದ್ದಲ್ಲ. ಅಷ್ಟು ಎಲ್ಲಾರಿಗೂ ಗೊತ್ತಿರ್ಲಿ.’

‘ಕುಂದ್ರ್ರಿ, ಕುಂದ್ರ್ರಿ. ಸರ್‌ಗೆ ಫೋನ್ ಹಚ್ತೀನಿ.’

‘ಹಚ್ರಿ,’ ಎಂದು ಸಲೋಮಿ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿದಳು. ಬಿಸಿಲು ಆಗಲೇ ಕಣ್ಣು ಚುಚ್ಚುತ್ತಿತ್ತು. ಹಿಂದೆ ಕಾಶೀನಾಥರು ಹಲೋ ಹಲೋ ಎನ್ನುತ್ತಿದ್ದರು. ಅವಳು ಕೈ ಎತ್ತಿ ಆಟೋ ನಿಲ್ಲಿಸಿದಳು. ಮೊದಲು ಮೃದುಲಾತಾಯಿಗೆ ಹೂಂ ಎಂದು ಬಂದು, ಆಮೇಲೆ ಅತ್ತೆಯನ್ನು ಕೇಳಬೇಕಿತ್ತು. ಎಲ್ಲಿಗೆ ಎಂದು ಆಟೋದವನು ಕೇಳುವ ಮೊದಲೇ ಅಜನಿ ಎಂದು ಹತ್ತಿ ಕೂತಳು.