ಅಕ್ಕನ ಸೊಂಟ, ಪಾಟೀಲನ ಬೂಟು

ಅಕ್ಕ ಯಾವತ್ತೂ ನೇರ ಕೂತವಳಲ್ಲ. ಎಡಗಡೆಯ ಭಾರವನ್ನೆಲ್ಲ ಎತ್ತಿ ಹಿಡಿದು, ಬಲ ಪಿರ್ರೆಯ ಮೇಲಷ್ಟೇ, ಈಗಲೋ ಆಗಲೋ ಎದ್ದು ಹೋಗುವವಳ ಹಾಗೆ ಕೂರುತ್ತಿದ್ದಳು. ಎಲ್ಲಿ ನೋವು ಎಂದು ಯಾರಾದರೂ ಕೇಳಿದರೆ ಅಂಗೈಯಿಂದ ಸೊಂಟ ಸವರಿ ತೋರಿಸುತ್ತಿರಲಿಲ್ಲ. ಒಂದೇ ಬೆರಳನ್ನು ಹಿಂದಕ್ಕೆ ಒಯ್ದು, ಸೊಂಟದ ಕೆಳಗೆ ಎಡಗಡೆಯ ಗುಳಿಯ ಮೇಲೆ ಇಡುತ್ತಿದ್ದಳು. "ಪಾಟೀಲ ಒದ್ದ ಜಾಗಾ" ಎನ್ನುತ್ತಿದ್ದಳು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನಾನು ಜನವಾಡದಿಂದ ಖಟಕ ಚಿಂಚೋಳಿಗೆ ಸೊಸೆಯಾಗಿ ಬಂದಾಗ ಇನ್ನೂ ನಿಜಾಮರ ಸರ್ಕಾರ. ಕುರಿ, ಜೋಳದ ಹೊಲ, ಬಾಯಿ ಬಿಡದ ಗಂಡಸರು. ಆ ಮನೆಯಲ್ಲಿ ಮಾತು ಎಂದರೆ ಅಕ್ಕನದೇ.

ಊರಿನ ಆಡಳಿತ ಹಿಡಿದ ಪಾಟೀಲ ಹೊರಗಿನವನೇನಲ್ಲ. ನಮ್ಮ ಹಾಗೆ ಕೊರಳಲ್ಲಿ ಲಿಂಗ ಕಟ್ಟಿದವನು, ನಮ್ಮ ಮಠದಲ್ಲೇ ಪ್ರಸಾದಕ್ಕೆ ಕೂರುವವನು. ಆದರೆ ನಿಜಾಮರು ಹಿಂದೂಸ್ತಾನಕ್ಕೆ ಸೇರಲೊಲ್ಲದ ಆ ಗಲಾಟೆಯ ವರ್ಷ ಸರ್ಕಾರದ ಕಣ್ಣಲ್ಲಿ ಒಳ್ಳೆಯವನಾಗಬೇಕಿತ್ತು. ನಮ್ಮ ಭಾವ, ಅಕ್ಕನ ಗಂಡ, ಮೆಹಕರದ ಕಡೆಯಿಂದ ಹಾಯ್ದು ನಿಜಾಮರ ಗಡಿ ದಾಟಿ ಹೋರಾಟದವರನ್ನು ಸೇರಿಕೊಂಡಿದ್ದ. ಒಂದು ಮಧ್ಯಾಹ್ನ ಪಾಟೀಲ ತಳವಾರನನ್ನು ಹಿಂದೆ ಕಟ್ಟಿಕೊಂಡು ಕುರಿದೊಡ್ಡಿಗೆ ಬಂದ. ಅಕ್ಕ ಬಗ್ಗಿ ಹಿಕ್ಕಿ ಬಳಿಯುತ್ತಿದ್ದಳು. ಗಂಡ ಎಲ್ಲಿದ್ದಾನೆ ಎಂದು ಕೇಳಿದ. ಅವಳು ತಿರುಗಿಯೂ ನೋಡದೆ, "ಕುರಿಗಿ ಕೇಳ್ರಿ, ಅವಕ್ಕ ಗೊತ್ತಿರಬೇಕು" ಅಂದಳು. ತಳವಾರ ನಕ್ಕುಬಿಟ್ಟ. ಆ ನಗುವಿಗೇ ಪಾಟೀಲ ಬೂಟುಗಾಲು ಎತ್ತಿದ್ದು. ನಾನು ಬಾಗಿಲಲ್ಲಿದ್ದೆ. ಅಕ್ಕ ಕುರಿಗಳಿಗೆ ನೀರಿಡುವ ಕಲ್ಲಿನ ದೋಣಿಯ ಮೇಲೆ ಬಿದ್ದಳು. ಆಮೇಲೆ ಮಳೆಗಾಲ ಮುಗಿದರೂ ಎಡಗಾಲ ಮೇಲೆ ಭಾರ ಬಿಟ್ಟು ನಿಲ್ಲಲಾಗಲಿಲ್ಲ.

ಪೊಲೀಸ್ ಆಕ್ಷನ್ ಆಯಿತು. ಹಿಂದೂಸ್ತಾನದ ಫೌಜು ಬೀದರಿಗೆ ಬಂತು ಎಂಬ ಸುದ್ದಿಯ ಬೆನ್ನಿಗೇ ಪಾಟೀಲ ಟೋಪಿ ಬದಲಿಸಿ ಚಾವಡಿಯ ಮೇಲೆ ತಾನೇ ಬಾವುಟ ಏರಿಸಿದ. ಭಾವ ಬಡಕಲಾಗಿ ಮರಳಿದ. ನಡೆದದ್ದನ್ನು ಕೇಳಿ, ಆದದ್ದು ಆಗಿ ಹೋಯಿತು, ಊರಲ್ಲಿ ಬಾಳಬೇಕಲ್ಲ ಎಂದ. ಅಕ್ಕ ಆ ದಿನದಿಂದ ಅವನಿಗೆ ರೊಟ್ಟಿ ಬಡಿಸಿದಳೇ ಹೊರತು ಮಾತಾಡಲಿಲ್ಲ.

ಊರ ಅಧಿಕಾರಿಗಳ ಮೇಲಿನ ದೂರುಗಳನ್ನು ಭಾಲ್ಕಿಯ ಕಚೇರಿಯಲ್ಲಿ ಸುಗ್ಗಿಯಾದ ಮೇಲೆ ಕೇಳುತ್ತಾರೆಂದು ಡಂಗುರವಾಯಿತು. ಅಕ್ಕ ತನ್ನ ಹೆಸರು ಬರೆಸಿದಳು. ವಾರ ತುಂಬುವುದರೊಳಗೆ ಪಾಟೀಲ ಬತ್ತಾಸದ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದ. ಹೈದರಾಬಾದಿನಲ್ಲಿ ತನ್ನ ಬೀಗರ ಪೈಕಿ ದೊಡ್ಡ ಡಾಕ್ಟರರಿದ್ದಾರೆ, ಈಗಿಂದೀಗ ಕಳಿಸಿ ಆಪರೇಶನ್ ಮಾಡಿಸುತ್ತೇನೆ, ಮಗಳು ಇದ್ದ ಹಾಗೆ ಎಂದ. ಅತ್ತೆ ಕಣ್ಣೀರು ಒರೆಸಿಕೊಂಡರು. ಭಾವ ಕೈಮುಗಿದ. ಅಕ್ಕ ಮಾತ್ರ ಅವನ ಬೂಟನ್ನೇ ನೋಡುತ್ತಿದ್ದಳು. ಕೊನೆಗೆ, ಮೊದಲು ಬೀದರಿನ ದವಾಖಾನೆಯಲ್ಲಿ ತೋರಿಸಿ ಆಮೇಲೆ ಹೇಳುತ್ತೇನೆ ಎಂದಳು.

ಭಾಲ್ಕಿಯಿಂದ ರೈಲಿನಲ್ಲಿ ಅವಳನ್ನು ಕರೆದುಕೊಂಡು ಹೋದವಳು ನಾನೇ. ಡಾಕ್ಟರು ಅವಳನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಮಡಚಿ ಒತ್ತಿದರು. ಅಕ್ಕ ಸೆರಗು ಕಚ್ಚಿದಳು. ಡಾಕ್ಟರು ಎರಡು ಮುಷ್ಟಿ ಒಂದಕ್ಕೊಂದು ಒತ್ತಿ ಹಿಡಿದು ತೋರಿಸಿದರು: ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಕೂಡುವ ಕೀಲು ಇದು, ಬಿಗಿ ತಪ್ಪಿದೆ. ದಾರಿ ಎರಡು. ಒಂದು ಆಪರೇಶನ್. ಕೀಲಿನೊಳಗೆ ಎಲುಬಿನ ತುಂಡು ಕೂಡಿಸಿ ಎರಡನ್ನೂ ಒಂದು ಮಾಡುವುದು, ಆಮೇಲೆ ಪ್ಲಾಸ್ಟರಿನಲ್ಲಿ ತಿಂಗಳುಗಟ್ಟಲೆ ಮಲಗುವುದು. ನೋವು ಹೋದರೂ ಹೋಯಿತು, ಉಳಿದರೂ ಉಳಿಯಿತು. ಇನ್ನೊಂದು, ಸೊಂಟದ ಕೆಳಗೆ ಅಗಲ ಪಟ್ಟಿ ಬಿಗಿದು, ಭಾರ ಎತ್ತದೆ, ಬಿಸಿ ಶಾಖ ಕೊಟ್ಟು, ದಿನಾ ಕಸರತ್ತು ಮಾಡುವುದು. ತಡವಾಗುತ್ತದೆ, ಬೇಸರ ಬರುತ್ತದೆ. ಆದರೆ ಮೊದಲು ಇದನ್ನು ಮಾಡಿ ನೋಡದೆ ಕತ್ತಿ ಹಿಡಿಯುವುದು ತಮಗೆ ಸರಿಕಾಣದು ಎಂದರು.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಆಪರೇಶನ್ ಮಾಡಿಸ್ಕೊಂಡ್ರ ಸುಗ್ಗಿ ಮುಗಿಯೋದ್ರಾಗ ಎದ್ದು ನಿಂದ್ರಲಿಕ್ಕ ಬರ್ತದೇನ್ರಿ?"

ಸಾಧ್ಯವೇ ಇಲ್ಲ ಎಂದರು.

ಅಕ್ಕ ನನ್ನ ಕಡೆ ತಿರುಗಿದಳು. "ತಿಳೀತೇನ? ನನ್ನ ಮಲಗಿಸಲಿಕ್ಕ ಹೊಂಟಾನ ಅಂವ."

ಪಟ್ಟಿ ಬಿಗಿಸಿಕೊಂಡೇ ಊರಿಗೆ ಬಂದಳು. ಪಾಟೀಲನ ಬತ್ತಾಸ ಕುರಿಗಳಿಗೆ ಹಾಕಿದಳು. ದಿನಾ ಬೆಳಿಗ್ಗೆ ಕಂಬಳಿಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಮೇಲೆತ್ತುವಳು. ಎತ್ತಿದಾಗೊಮ್ಮೆ ಹಲ್ಲು ಕಚ್ಚಿ "ಪಾಟೀಲ" ಎನ್ನುವಳು, ಇಳಿಸುವಾಗ ಅವನಿಗೆ ಏನಾಗಬೇಕೆಂದು ಹೇಳುವಳು. ಇವತ್ತು ಅವನ ಹಲ್ಲು, ನಾಳೆ ಅವನ ಮೀಸೆ. ಅತ್ತೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಕೆಲವು ದಿನ ನೋವಿಗೆ ಅಳುತ್ತ ಕಂಬಳಿ ಒದ್ದು ಎಸೆದದ್ದೂ ಉಂಟು. ಮರುದಿನ ಮತ್ತೆ ಅದೇ ಕಂಬಳಿ, ಅದೇ ಹೆಸರು.

ವಿಚಾರಣೆಯ ದಿನ ಬಂಡಿಯ ಕುಲುಕಾಟ ತಾಳಲಾರದೆ ಇಳಿದು, ಕುಂಟುತ್ತಲೇ ಭಾಲ್ಕಿ ಮುಟ್ಟಿದಳು. ಹೊರಗಿನಿಂದ ಬಂದ ಅಧಿಕಾರಿ ಕುರ್ಚಿ ತೋರಿಸಿದರು. ಒಲ್ಲೆ ಎಂದು ಎರಡೂ ಕಾಲ ಮೇಲೆ ನಿಂತು ಹೇಳಿದಳು. ಅವಳು ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದಳು ಎಂದು ಹೇಳಲು ಪಾಟೀಲ ಆ ತಳವಾರನನ್ನೇ ಕರೆತಂದಿದ್ದ. ತಳವಾರ ಅಕ್ಕನ ಮುಖ ನೋಡಿದ. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು, ಕಾಲು ನಡುಗುತ್ತಿತ್ತು, ಆದರೂ ಗೋಡೆ ಹಿಡಿದಿರಲಿಲ್ಲ. "ಸುಳ್ಳ ಹೇಳಂಗಿಲ್ಲರಿ ಸಾಹೇಬ್ರ. ನಾ ನಕ್ಕೆ, ಇವರು ಒದ್ರು" ಎಂದುಬಿಟ್ಟ. ಆಮೇಲೆ ಉಳಿದವರ ಬಾಯಿಯೂ ಬಿಚ್ಚಿತು. ಪಾಟೀಲಕಿ ಹೋಯಿತು. ಅವನು ಊರು ಬಿಟ್ಟು ಔರಾದಿನಲ್ಲಿ ಮಗಳ ಮನೆ ಸೇರಿದ.

ನನ್ನ ಮೂರನೆಯ ಬಾಣಂತನದಲ್ಲಿ ನನಗೂ ಸೊಂಟದ ಅದೇ ಗುಳಿಯಲ್ಲಿ ನೋವು ಹಿಡಿಯಿತು. ಅತ್ತೆ ಬರೆ ಹಾಕುವವನನ್ನು ಕರೆಸಿದರು. ಅಕ್ಕ ಅವನನ್ನು ಅಂಗಳದಿಂದಲೇ ಹಿಂದಕ್ಕೆ ಕಳಿಸಿ, ತನ್ನ ಪಟ್ಟಿ ನನಗೆ ಬಿಗಿದು, ಕಂಬಳಿ ಹಾಸಿದಳು. ಯಾರದಾದರೂ ಹೆಸರು ಹಿಡಿದು ಎತ್ತು ಎಂದಳು. ನನಗೆ ಅಂಥ ವೈರಿ ಯಾರೂ ಇಲ್ಲ ಅಂದೆ. "ಹಂಗಾದ್ರ ನನ್ನ ಪಾಟೀಲನ್ನೇ ತಗೋ" ಅಂದಳು. ಅವನ ಹೆಸರಲ್ಲೇ ನಾನು ಗುಣವಾದೆ.

ಬಹಳ ವರ್ಷಗಳ ಮೇಲೆ ಔರಾದಿನಿಂದ ಅವನ ಮಗಳು ಹೇಳಿ ಕಳಿಸಿದಳು. ಮುದುಕ ಜೀವ ಬಿಡಲಾರದೆ ಒದ್ದಾಡುತ್ತಿದ್ದಾನೆ, ನಿಮ್ಮಿಂದ ಒಂದು ಮಾತು ಬೇಕಂತೆ. ಅಕ್ಕ ಇಳಕಲ್ ಸೀರೆ ಉಟ್ಟು, ನನ್ನನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದಳು. ಅವನು ಹಾಸಿಗೆಯಲ್ಲಿ ಒಣಗಿಹೋಗಿದ್ದ. ಕೈ ಎತ್ತಲು ನೋಡಿದ, ಕ್ಷಮಾ ಮಾಡು ತಾಯಿ ಎಂದ. ಮಗಳು ಅಕ್ಕನ ಕಾಲಿಗೇ ಬಿದ್ದಳು. ಅಕ್ಕ ಅವಳನ್ನು ಮೆತ್ತಗೆ ಎಬ್ಬಿಸಿ, ಪಕ್ಕಕ್ಕೆ ಸರಿಸಿ, ಮುದುಕನ ಕಿವಿಯ ಹತ್ತಿರ ಬಗ್ಗಿದಳು.

"ಮಾಡಂಗಿಲ್ಲ. ಅದನ್ನ ಹೇಳ್ಲಿಕ್ಕೇ ಬಂದೀನಿ."

ಊರಿಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದಳು.

ಅಕ್ಕ ಹೋದ ದಿನ, ಮಣ್ಣು ಕೊಟ್ಟು ಬಂದ ಮೇಲೆ, ಮಠದ ಅಯ್ಯನವರು ಅವಳ ಗುಣಗಾನ ಮಾಡಿದರು. ಔರಾದಿಗೆ ಹೋಗಿ ಒದ್ದವನನ್ನೂ ಕ್ಷಮಿಸಿ ಬಂದ ಶರಣೆ ಎಂದರು. ಗಂಡಸರೆಲ್ಲ ತಲೆದೂಗಿದರು. ಅಲ್ಲಿಯವರೆಗೆ ಆ ಅಂಗಳದಲ್ಲಿ ಹಿರಿಯರ ಎದುರು ನಾನು ದನಿ ಎತ್ತಿದವಳಲ್ಲ. ಎದ್ದು ನಿಂತೆ.

"ಇಲ್ರಿ ಅಯ್ಯನವರೆ" ಅಂದೆ. "ಅಕ್ಕ ಕ್ಷಮಾ ಮಾಡಿದ್ದಿಲ್ಲ."